ಷೆರಿ ಪೀಪಾಯಿಯ ಸ್ಕಾಚ್: ಬಣ್ಣಕ್ಕೆ ಮರುಳಾಗದೆ ಸವಿಯುವ ಬಗೆ

2023ರ ನವೆಂಬರ್ 18ರಂದು ಲಂಡನ್ನಿನ ಸದಬೀಸ್ ಹರಾಜು ಸಂಸ್ಥೆಯಲ್ಲಿ ಒಂದೇ ಒಂದು ಬಾಟಲಿ ವಿಸ್ಕಿ 21 ಲಕ್ಷ ಪೌಂಡ್‌ಗೂ ಅಧಿಕ ಮೊತ್ತಕ್ಕೆ ಮಾರಾಟವಾಯಿತು. ರೂಪಾಯಿ ಲೆಕ್ಕದಲ್ಲಿ ಅದು 20 ಕೋಟಿಯನ್ನು ದಾಟುತ್ತದೆ. ಸ್ಕಾಟ್ಲೆಂಡಿನ ಮಕ್ಯಾಲನ್ ಡಿಸ್ಟಿಲರಿಯಲ್ಲಿ 1926ರಲ್ಲಿ ಭಟ್ಟಿ ಇಳಿಸಿ, 60 ವರ್ಷ ಕಾಲ ಷೆರಿ ಪೀಪಾಯಿಯಲ್ಲಿ ಮಾಗಿಸಿ, 1986ರಲ್ಲಿ ಬಾಟಲಿಗೆ ತುಂಬಿದ ಮದ್ಯ ಅದು. ಆ ಪೀಪಾಯಿಯಿಂದ ದೊರೆತದ್ದು ಕೇವಲ 40 ಬಾಟಲಿ. ಉಳಿದದ್ದನ್ನು ಆರು ದಶಕಗಳಲ್ಲಿ ಗಾಳಿಯೇ ಕುಡಿದು ಮುಗಿಸಿತ್ತು.

ಇಂತಹ ಬಾಟಲಿಯನ್ನು ಕೊಳ್ಳುವವರು ಅದನ್ನು ತೆರೆದು ಕುಡಿಯುತ್ತಾರೆಯೇ ಎಂಬುದು ಬೇರೆ ಮಾತು. ಆದರೆ ಆ ಹರಾಜಿನ ಹೊಳಪು ಸಾಮಾನ್ಯ ಗ್ರಾಹಕನವರೆಗೂ ಹರಿದು ಬರುತ್ತದೆ. ವಿಮಾನ ನಿಲ್ದಾಣದ ಸುಂಕರಹಿತ ಮಳಿಗೆಯಲ್ಲಿಯೋ, ನಗರದ ದೊಡ್ಡ ಮದ್ಯದಂಗಡಿಯಲ್ಲಿಯೋ ‘ಷೆರಿ ಕಾಸ್ಕ್’ ಎಂಬ ಎರಡು ಪದಗಳನ್ನು ಹೊತ್ತ ಬಾಟಲಿಗೆ ಪಕ್ಕದ ಬಾಟಲಿಗಿಂತ ಹೆಚ್ಚಿನ ಬೆಲೆ ಇರುತ್ತದೆ. ಆ ಹೆಚ್ಚುವರಿ ಹಣಕ್ಕೆ ದೊರೆಯುವುದೇನು? 1926ರ ಪೀಪಾಯಿಗೂ ಇಂದಿನ ಪೀಪಾಯಿಗೂ ಹೆಸರೊಂದೇ, ವಸ್ತು ಬೇರೆ ಎಂಬುದನ್ನು ತಿಳಿಯದೆ ಈ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಲೋಟದಲ್ಲಿರುವುದನ್ನು ಸರಿಯಾಗಿ ಸವಿಯುವುದೂ ಆ ತಿಳಿವಳಿಕೆಯಿಂದಲೇ ಆರಂಭವಾಗುತ್ತದೆ.

ಷೆರಿ ಎಂದರೇನು?

ಷೆರಿ ವಿಸ್ಕಿಯಲ್ಲ, ಅದು ದ್ರಾಕ್ಷಾರಸ. ಸ್ಪೇನಿನ ದಕ್ಷಿಣ ತುದಿಯ ಆಂದಲೂಸಿಯಾ ಪ್ರಾಂತದಲ್ಲಿ ಹೆರೆಥ್ ದೆ ಲಾ ಫ್ರೊಂತೆರಾ, ಸಾನ್‌ಲೂಕಾರ್ ದೆ ಬರ್ರಮೇದಾ, ಎಲ್ ಪ್ವೆರ್ತೊ ದೆ ಸಾಂತಾ ಮರಿಯಾ ಎಂಬ ಮೂರು ಊರುಗಳು ತ್ರಿಕೋನಾಕಾರದಲ್ಲಿ ಹರಡಿಕೊಂಡಿವೆ. ಷೆರಿ ಮಾಗುವುದು ಈ ತ್ರಿಕೋನದ ಆಸುಪಾಸಿನಲ್ಲೇ. ಅರಬರು ಹೆರೆಥ್ ಊರನ್ನು ‘ಶೆರಿಶ್’ ಎಂದು ಕರೆಯುತ್ತಿದ್ದರು. ಅದೇ ಇಂಗ್ಲಿಷರ ನಾಲಿಗೆಯಲ್ಲಿ ಷೆರಿಯಾಯಿತು.

ಬಿಳಿ ದ್ರಾಕ್ಷಿಯ ತಳಿಯಾದ ಪಲೊಮಿನೊದಿಂದ ಹೆಚ್ಚಿನ ಷೆರಿ ತಯಾರಾಗುತ್ತದೆ. ರಸ ಹುದುಗಿದ ನಂತರ ಅದಕ್ಕೆ ದ್ರಾಕ್ಷಿಯಿಂದಲೇ ಭಟ್ಟಿ ಇಳಿಸಿದ ಮದ್ಯಸಾರವನ್ನು ಬೆರೆಸಲಾಗುತ್ತದೆ. ಎಷ್ಟು ಬೆರೆಸುತ್ತಾರೆ ಎಂಬುದರ ಮೇಲೆ ಷೆರಿಯ ಜಾತಿ ನಿರ್ಧಾರವಾಗುತ್ತದೆ. ಮದ್ಯಸಾರದ ಪ್ರಮಾಣ ಶೇ 15ರ ಆಸುಪಾಸಿನಲ್ಲಿದ್ದರೆ ದ್ರಾಕ್ಷಾರಸದ ಮೇಲೆ ಯೀಸ್ಟ್‌ನ ಬಿಳಿಯ ಕೆನೆಯೊಂದು ಕಟ್ಟಿ ಗಾಳಿಯನ್ನು ತಡೆಯುತ್ತದೆ. ಹೀಗೆ ತಯಾರಾಗುವುದು ತೆಳುವಾದ, ಒಣ ರುಚಿಯ ಫಿನೊ. ಪ್ರಮಾಣ ಶೇ 17ಕ್ಕೆ ಏರಿದರೆ ಆ ಕೆನೆ ಬದುಕುವುದಿಲ್ಲ. ಗಾಳಿಯ ಸಂಪರ್ಕದಲ್ಲಿ ವರ್ಷಗಟ್ಟಲೆ ನಿಂತ ರಸ ಕಂದು ಬಣ್ಣಕ್ಕೆ ತಿರುಗಿ, ಅಕ್ರೋಟಿನ ಘಮ ಪಡೆದು ಒಲೊರೊಸೊ ಎನಿಸಿಕೊಳ್ಳುತ್ತದೆ. ಸ್ಪ್ಯಾನಿಷ್ ಭಾಷೆಯಲ್ಲಿ ಒಲೊರೊಸೊ ಎಂದರೆ ಪರಿಮಳಯುಕ್ತ ಎಂದೇ ಅರ್ಥ. ಇನ್ನು ಪೆದ್ರೊ ಹಿಮೆನೆಥ್ ಎಂಬ ತಳಿಯ ದ್ರಾಕ್ಷಿಯನ್ನು ಬಿಸಿಲಿನಲ್ಲಿ ಹರಡಿ, ಒಣದ್ರಾಕ್ಷಿಯ ಹದಕ್ಕೆ ತಂದು ಹಿಂಡುವುದರಿಂದ ಕಪ್ಪಗೆ, ಕಾಕಂಬಿಯಂತೆ ದಪ್ಪಗೆ ಇರುವ ಸಿಹಿ ಷೆರಿ ದೊರೆಯುತ್ತದೆ. ವಿಸ್ಕಿ ತಯಾರಕರಿಗೆ ಹೆಚ್ಚು ಬೇಕಾದದ್ದು ಒಲೊರೊಸೊ. ಅದರ ನಂತರ ಪೆದ್ರೊ ಹಿಮೆನೆಥ್.

ಒಲೊರೊಸೊ ಸಹಜವಾಗಿ ಸಿಹಿಯಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ‘ಷೆರಿ ಪೀಪಾಯಿಯ ವಿಸ್ಕಿ ಸಿಹಿಯಾಗಿರುತ್ತದೆ, ಏಕೆಂದರೆ ಷೆರಿ ಸಿಹಿ’ ಎಂದು ಅನೇಕರು ನಂಬಿದ್ದಾರೆ. ಆದರೆ ಷೆರಿಗಳಲ್ಲಿ ಬಹಳಷ್ಟು ಒಣ ರುಚಿಯವು.

ಪೀಪಾಯಿ ಸ್ಕಾಟ್ಲೆಂಡಿಗೆ ಬಂದದ್ದು

ಬ್ರಿಟನ್ನಿನವರು ಶತಮಾನಗಳಿಂದ ಷೆರಿಯ ಭಕ್ತರು. 19ನೇ ಶತಮಾನದಲ್ಲಿ ಷೆರಿ ಬಾಟಲಿಗಳಲ್ಲಿ ಬರುತ್ತಿರಲಿಲ್ಲ. ಸುಮಾರು 500 ಲೀಟರ್ ಹಿಡಿಯುವ ಓಕ್ ಮರದ ಪೀಪಾಯಿಗಳಲ್ಲಿ ಹಡಗು ಏರಿ ಬರುತ್ತಿತ್ತು. ಬ್ರಿಸ್ಟಲ್, ಲಂಡನ್, ಎಡಿನ್‌ಬರೊ ಪಕ್ಕದ ಲೀತ್ ಬಂದರುಗಳಲ್ಲಿ ಅದನ್ನು ಬಾಟಲಿಗೆ ತುಂಬಲಾಗುತ್ತಿತ್ತು. ಖಾಲಿ ಪೀಪಾಯಿಯನ್ನು ಸ್ಪೇನಿಗೆ ವಾಪಸು ಕಳುಹಿಸುವುದು ದುಬಾರಿ. ವಿಸ್ಕಿ ತಯಾರಕರಿಗೋ ಅಗ್ಗದ ಪಾತ್ರೆ ಬೇಕಿತ್ತು. ಹೀಗೆ ಆರಂಭದಲ್ಲಿ ಸ್ಕಾಚ್ ಷೆರಿ ಪೀಪಾಯಿಗೆ ಇಳಿದದ್ದು ರುಚಿಗಾಗಿ ಅಲ್ಲ, ಮಿತವ್ಯಯಕ್ಕಾಗಿ. ಜಿಪುಣತನಕ್ಕೆ ಹೆಸರಾದ ನಾಡಿನಲ್ಲಿ ಇದು ಅಚ್ಚರಿಯ ವಿಷಯವೇನಲ್ಲ. ರುಚಿ ಬಳುವಳಿಯಾಗಿ ಬಂತು.

ಸಾಗಣೆಯ ಈ ಪೀಪಾಯಿಗಳಲ್ಲಿ ಷೆರಿ ಇರುತ್ತಿದ್ದದ್ದು ಕೆಲವು ತಿಂಗಳು, ಹೆಚ್ಚೆಂದರೆ ಒಂದೆರಡು ವರ್ಷ. ಷೆರಿಯನ್ನು ನಿಜವಾಗಿ ಮಾಗಿಸುವ ಪೀಪಾಯಿಗಳೇ ಬೇರೆ. ಹೆರೆಥ್‌ನ ಉಗ್ರಾಣಗಳಲ್ಲಿ ಪೀಪಾಯಿಗಳನ್ನು ಸಾಲು ಸಾಲಾಗಿ, ಒಂದರ ಮೇಲೊಂದು ಜೋಡಿಸಿರುತ್ತಾರೆ. ಅತ್ಯಂತ ಹಳೆಯ ಷೆರಿ ಇರುವ ಕೆಳಸಾಲಿನಿಂದ ಮಾರಾಟಕ್ಕೆ ಒಂದು ಪಾಲನ್ನು ತೆಗೆದು, ತೆರವಾದ ಜಾಗವನ್ನು ಮುಂದಿನ ಸಾಲಿನಿಂದ, ಆ ಸಾಲನ್ನು ಅದರ ಮುಂದಿನದರಿಂದ ತುಂಬುತ್ತಾ ಹೋಗುತ್ತಾರೆ. ಕೊನೆಯ ಸಾಲಿಗೆ ಹೊಸ ರಸ. ಇದೇ ಸೊಲೆರಾ ಪದ್ಧತಿ. ನಮ್ಮ ಮನೆಗಳಲ್ಲಿ ಹೆಪ್ಪಿಗೆಂದು ಹಿಂದಿನ ದಿನದ ಮೊಸರನ್ನು ಉಳಿಸಿಕೊಂಡಂತೆ, ಇಲ್ಲಿ ಹಳೆಯದು ಎಂದೂ ಪೂರ್ತಿ ಮುಗಿಯುವುದಿಲ್ಲ. ದಶಕಗಳಷ್ಟು ಹಳೆಯದಾದ ಆ ಪೀಪಾಯಿಗಳ ಮರ ತನ್ನ ಸಾರವನ್ನೆಲ್ಲ ಕಳೆದುಕೊಂಡು ನಿರ್ಲಿಪ್ತವಾಗಿರುತ್ತದೆ. ಷೆರಿ ತಯಾರಕರಿಗೆ ಬೇಕಾದದ್ದೂ ಅಂತಹ ಮರವೇ. ಅವು ಉಗ್ರಾಣ ಬಿಟ್ಟು ಹೊರಬರುವುದು ವಿರಳ. ಆದ್ದರಿಂದ ‘ಷೆರಿ ಪೀಪಾಯಿ’ ಎಂದೊಡನೆ ಸ್ಪೇನಿನ ಕತ್ತಲ ಉಗ್ರಾಣದಲ್ಲಿ ನೂರು ವರ್ಷ ಷೆರಿ ಹೊತ್ತು ನಿಂತ ಪೀಪಾಯಿಯನ್ನು ಕಲ್ಪಿಸಿಕೊಳ್ಳುವುದು ತಪ್ಪು.

20ನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟನ್ನಿನಲ್ಲಿ ಷೆರಿಯ ಬೇಡಿಕೆ ಕುಸಿಯಿತು. 1980ರ ದಶಕದಲ್ಲಿ ಷೆರಿಯನ್ನು ಸ್ಪೇನಿನಲ್ಲಿಯೇ ಬಾಟಲಿಗೆ ತುಂಬಬೇಕೆಂಬ ಕಟ್ಟುಪಾಡು ಬಂದ ಮೇಲೆ ಸಾಗಣೆಯ ಪೀಪಾಯಿಗಳ ಯುಗ ಮುಗಿಯಿತು. ಖಾಲಿ ಪೀಪಾಯಿಗಳ ಕೊರತೆಯನ್ನು ನೀಗಿಸಲು ಅದಕ್ಕೂ ಮೊದಲೇ ಒಂದು ಅಡ್ಡದಾರಿ ಬಳಕೆಯಲ್ಲಿತ್ತು. ‘ಪಾಕ್ಸರೆಟ್’ ಎಂಬ ದಪ್ಪನೆಯ ಸಿಹಿ ದ್ರಾಕ್ಷಾರಸವನ್ನು ಹಳೆಯ ಪೀಪಾಯಿಯೊಳಗೆ ಸುರಿದು, ಒತ್ತಡದಲ್ಲಿ ಮರಕ್ಕೆ ಇಂಗಿಸಿ, ಅದನ್ನೇ ಷೆರಿ ಪೀಪಾಯಿಯ ಬದಲಿಗೆ ಬಳಸುತ್ತಿದ್ದರು. 1990ರ ಸುಮಾರಿಗೆ ಈ ಪದ್ಧತಿಗೆ ತೆರೆ ಬಿತ್ತು.

ಇಂದಿನ ಷೆರಿ ಪೀಪಾಯಿ ವಿಸ್ಕಿಗಾಗಿಯೇ ಹೊಸದಾಗಿ ತಯಾರಾಗುವಂಥದ್ದು. ಸ್ಪೇನಿನ ಉತ್ತರ ಭಾಗದ ಕಾಡುಗಳ ಯುರೋಪಿಯನ್ ಓಕ್ ಇಲ್ಲವೇ ಅಮೆರಿಕದಿಂದ ತರಿಸಿದ ಓಕ್ ಹಲಗೆಗಳನ್ನು ಒಣಗಿಸಿ, ಹೆರೆಥ್‌ನ ಬಡಗಿಗಳು ಪೀಪಾಯಿ ಕಟ್ಟುತ್ತಾರೆ. ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸುತ್ತಾರೆ. ಬಳಿಕ ಷೆರಿ ತುಂಬಿಸಿ ಒಂದೂವರೆ-ಎರಡು ವರ್ಷ ಇರಿಸುತ್ತಾರೆ. ಈ ಅವಧಿಯಲ್ಲಿ ಮರವು ಹಲವು ಲೀಟರ್ ಷೆರಿಯನ್ನು ಹೀರಿಕೊಳ್ಳುತ್ತದೆ. ಮರದ ಒರಟು ಒಗರು ಒಂದಿಷ್ಟು ಷೆರಿಗೆ ಇಳಿಯುತ್ತದೆ. ಹೀಗೆ ಬಳಕೆಯಾದ ಷೆರಿ ಸಾಮಾನ್ಯವಾಗಿ ಕುಡಿಯುವವರ ಮೇಜಿಗೆ ಬರುವುದಿಲ್ಲ. ಅದು ವಿನೆಗರ್ ಆಗುತ್ತದೆ ಇಲ್ಲವೇ ಬ್ರಾಂದಿಗಾಗಿ ಭಟ್ಟಿ ಸೇರುತ್ತದೆ. ಮೊದಲು ಷೆರಿಗಾಗಿ ಪೀಪಾಯಿ ಇತ್ತು. ಈಗ ಪೀಪಾಯಿಗಾಗಿ ಷೆರಿ ತಯಾರಾಗುತ್ತಿದೆ. ಹೆರೆಥ್‌ನ ಷೆರಿ ನಿಯಂತ್ರಣ ಮಂಡಳಿಯು ‘ಷೆರಿ ಕಾಸ್ಕ್’ ಎಂಬ ಹೆಸರಿಗೇ ಪ್ರಮಾಣಪತ್ರ ನೀಡುವ ವ್ಯವಸ್ಥೆ ಮಾಡಿದೆ. ಅದರನ್ವಯ ಪೀಪಾಯಿಯಲ್ಲಿ ಕನಿಷ್ಠ ಒಂದು ವರ್ಷವಾದರೂ ಷೆರಿ ಇದ್ದಿರಬೇಕು.

ಹಾಗಾದರೆ ಇದು ಮೋಸವೇ ಎಂದು ಕೇಳಬಹುದು. ಹಾಗೆನ್ನುವುದು ಅತಿಯಾದೀತು. ರುಚಿಯ ಹೆಚ್ಚಿನ ಭಾಗ ಬರುವುದು ಷೆರಿಯಿಂದಲ್ಲ, ಮರದಿಂದ. ಯುರೋಪಿಯನ್ ಓಕ್‌ನಲ್ಲಿ ಟ್ಯಾನಿನ್ ಅಧಿಕ. ಲವಂಗ, ಜಾಯಿಕಾಯಿ, ಒಣಹಣ್ಣುಗಳ ಛಾಯೆ, ಕೆಂಪು ಮಿಶ್ರಿತ ಕಂದು ಬಣ್ಣ, ನಾಲಿಗೆಯನ್ನು ಹಿಡಿಯುವ ಒಗರು ಅಲ್ಲಿಂದ ಬರುತ್ತವೆ. ಅಮೆರಿಕನ್ ಓಕ್ ವೆನಿಲ್ಲಾ, ತೆಂಗಿನಕಾಯಿಯ ಘಮವನ್ನು ಧಾರಾಳವಾಗಿ ಕೊಡುತ್ತದೆ. ಷೆರಿಯ ಕೆಲಸ ಆ ಮರವನ್ನು ಪಳಗಿಸಿ, ಅದರ ಮೇಲೆ ತನ್ನದೊಂದು ಲೇಪ ಬಿಡುವುದು. ಸರಿಯಾಗಿ ಕಟ್ಟಿ, ಪ್ರಾಮಾಣಿಕವಾಗಿ ಹದಗೊಳಿಸಿದ ಇಂದಿನ ಪೀಪಾಯಿ ಹಿಂದಿನ ಸಾಗಣೆ ಪೀಪಾಯಿಗಿಂತ ಕೀಳೆಂದು ಹೇಳಲು ಕಾರಣವಿಲ್ಲ. ಆದರೆ ಅದು ಅಗ್ಗದ್ದಂತೂ ಅಲ್ಲ. ಅಮೆರಿಕದ ಕಾನೂನಿನಂತೆ ಬೂರ್ಬನ್ ವಿಸ್ಕಿಗೆ ಪ್ರತಿ ಬಾರಿಯೂ ಹೊಸ ಓಕ್ ಪಾತ್ರೆಯೇ ಬೇಕು. ಹೀಗಾಗಿ ಒಮ್ಮೆ ಬಳಸಿದ ಬೂರ್ಬನ್ ಪೀಪಾಯಿಗಳು ಹೇರಳವಾಗಿ ಸಿಗುತ್ತವೆ, ಸ್ಕಾಚ್‌ನ ಬಹುಪಾಲು ಅವುಗಳಲ್ಲೇ ಮಾಗುತ್ತದೆ. ಷೆರಿ ಪೀಪಾಯಿಯ ಬೆಲೆ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಬಾಟಲಿಯ ಬೆಲೆ ಏರುವುದಕ್ಕೆ ಇದು ನ್ಯಾಯವಾದ ಕಾರಣ.

ಸ್ಕಾಟ್ಲೆಂಡಿನ ಮನೆತನಗಳು, ಬೆಂಗಳೂರಿನ ಸೆಕೆ

ಷೆರಿ ಪೀಪಾಯಿಗೆ ನಿಷ್ಠೆ ತೋರಿದ ಡಿಸ್ಟಿಲರಿಗಳು ಬೆರಳೆಣಿಕೆಯಷ್ಟು. ಸ್ಪೇ ನದಿಯ ಕಣಿವೆಯ ಮಕ್ಯಾಲನ್ ಪರವಾನಗಿ ಪಡೆದದ್ದು 1824ರಲ್ಲಿ. ಅದು 2004ರಲ್ಲಿ ಬೂರ್ಬನ್ ಪೀಪಾಯಿಯ ಮದ್ಯವನ್ನೂ ಬೆರೆಸಿದ ‘ಫೈನ್ ಓಕ್’ ಸರಣಿ ಹೊರತಂದಾಗ ಹಳೆಯ ಅಭಿಮಾನಿಗಳು ಮುನಿಸಿಕೊಂಡದ್ದುಂಟು. ಅದೇ ಕಣಿವೆಯ ಗ್ಲೆನ್‌ಫಾರ್ಕ್ಲಾಸ್ ಇಂದಿಗೂ ಗ್ರಾಂಟ್ ಕುಟುಂಬದ ಕೈಯಲ್ಲಿದೆ. 1865ರಲ್ಲಿ ಜಾನ್ ಗ್ರಾಂಟ್ ಅದನ್ನು 511 ಪೌಂಡ್ 19 ಶಿಲಿಂಗ್‌ಗೆ ಕೊಂಡರೆಂದು ದಾಖಲಾಗಿದೆ. ಸದಬೀಸ್ ಹರಾಜಿನ ಒಂದು ಬಾಟಲಿಯ ಬೆಲೆಯ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಿದರೆ ನಗು ಬರುತ್ತದೆ. ಒಲೊರೊಸೊ ಪೀಪಾಯಿ, ಭಟ್ಟಿಗೆ ನೇರ ಬೆಂಕಿ, ಮಣ್ಣುನೆಲದ ತಗ್ಗು ಉಗ್ರಾಣ; ಗ್ಲೆನ್‌ಫಾರ್ಕ್ಲಾಸ್ ತನ್ನ ಪಟ್ಟು ಬಿಟ್ಟಿಲ್ಲ. 1826ರಲ್ಲಿ ಸ್ಥಾಪನೆಯಾದ ಗ್ಲೆನ್‌ಡ್ರೋನಾಕ್ 1996ರಲ್ಲಿ ಬಾಗಿಲು ಹಾಕಿ 2002ರಲ್ಲಿ ಮತ್ತೆ ತೆರೆಯಿತು. ಇನ್ನು ಅಬರ್‌ಲವರ್ ಡಿಸ್ಟಿಲರಿಯ ‘ಅಬುನಾ’ ವಯಸ್ಸನ್ನು ನಮೂದಿಸದೆ, ನೀರು ಬೆರೆಸದೆ, ಶೇ 60ರ ಆಸುಪಾಸಿನ ತೀಕ್ಷ್ಣತೆಯಲ್ಲಿ, ಕಂತು ಕಂತಾಗಿ ಬರುತ್ತದೆ. ಸಂಕೋಚದವರಿಗೆ ಹೇಳಿದ್ದಲ್ಲ.

ಷೆರಿ ಪೀಪಾಯಿಯ ಕೀರ್ತಿ ಸ್ಕಾಟ್ಲೆಂಡಿನ ಗಡಿಯನ್ನೂ ದಾಟಿದೆ. ವಿಮರ್ಶಕ ಜಿಮ್ ಮರ‍್ರೆ ತಮ್ಮ 2015ರ ಕೈಪಿಡಿಯಲ್ಲಿ ಜಗತ್ತಿನ ಅತ್ಯುತ್ತಮ ವಿಸ್ಕಿ ಎಂದು ಆರಿಸಿದ್ದು ಜಪಾನಿನ ಯಾಮಾಝಾಕಿಯ ಷೆರಿ ಪೀಪಾಯಿ ಮದ್ಯವನ್ನು. ಆ ವರ್ಷ ಮೊದಲ ಐದರಲ್ಲಿ ಒಂದು ಸ್ಕಾಚ್ ಕೂಡ ಇರಲಿಲ್ಲ.

ಕರ್ನಾಟಕಕ್ಕೂ ಈ ಕಥೆಯಲ್ಲಿ ಪಾಲಿದೆ. 1948ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲಲ್ಲ, ಸ್ಕಾಚ್‌ನ ನಾಡಾದ ಗ್ಲಾಸ್ಗೊದಲ್ಲಿ. 2010ರಲ್ಲಿ ಅದು ‘ಇಂಟರ್‌ಮೀಡಿಯೆಟ್ ಷೆರಿ’ ಎಂಬ ಮದ್ಯವನ್ನು ಹೊರತಂದಿತು. ಬೂರ್ಬನ್ ಹಾಗೂ ಹೊಸ ಓಕ್ ಪೀಪಾಯಿಗಳಲ್ಲಿ ಕಾಲ ಕಳೆದ ಮದ್ಯವನ್ನು ನಡುವೆ ಷೆರಿ ಪೀಪಾಯಿಗೆ ವರ್ಗಾಯಿಸಿ, ಪುನಃ ಬೂರ್ಬನ್ ಪೀಪಾಯಿಗೆ ಮರಳಿಸಿದ್ದರಿಂದ ಈ ಹೆಸರು. ಸಾಮಾನ್ಯವಾಗಿ ಷೆರಿ ಕೊನೆಯಲ್ಲಿ ಬರುತ್ತದೆ. ಇಲ್ಲಿ ಮಧ್ಯದಲ್ಲಿ ಬಂದಿದೆ. ಇದಕ್ಕೆ ಹವಾಮಾನವೂ ಇಂಬು ಕೊಡುತ್ತದೆ. ಸ್ಕಾಟ್ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಮದ್ಯ ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ರಿಂದ 12ರಷ್ಟು ಹಾರಿಹೋಗುತ್ತದೆ. ಮದ್ಯ ಮರದೊಳಗೆ ಇಳಿದು ಏರುವ ವೇಗವೂ ಅಷ್ಟೇ ಹೆಚ್ಚು. ಅಲ್ಲಿ ಹನ್ನೆರಡು ವರ್ಷ ತೆಗೆದುಕೊಳ್ಳುವ ಮಾಗುವಿಕೆ ಇಲ್ಲಿ ಕೆಲವೇ ವರ್ಷಗಳಲ್ಲಿ ಮೈದೋರುತ್ತದೆ. ಷೆರಿ ಪೀಪಾಯಿಯಲ್ಲಿ ಇದು ವರವೂ ಹೌದು, ಅಪಾಯವೂ ಹೌದು. ಸ್ವಲ್ಪ ತಡವಾದರೆ ಮರದ ಒಗರು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ.

ಚೀಟಿ ಓದುವ ಜಾಣ್ಮೆ

ಹಣ ಕೊಡುವ ಮುನ್ನ ಬಾಟಲಿಯ ಚೀಟಿಯನ್ನು ನಿಧಾನವಾಗಿ ಓದುವುದು ಒಳಿತು. ಸ್ಕಾಚ್ ವಿಸ್ಕಿಯ 2009ರ ನಿಯಮಾವಳಿಯ ಪ್ರಕಾರ ಮದ್ಯವು 700 ಲೀಟರ್‌ಗೆ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಸ್ಕಾಟ್ಲೆಂಡಿನಲ್ಲೇ ಮಾಗಿರಬೇಕು, ಮದ್ಯಸಾರ ಶೇ 40ಕ್ಕೆ ಕಡಿಮೆ ಇರಕೂಡದು. ವಯಸ್ಸು ನಮೂದಿಸಿದ್ದರೆ ಅದು ಬೆರಕೆಯಲ್ಲಿನ ಅತ್ಯಂತ ಎಳೆಯ ಮದ್ಯದ ವಯಸ್ಸು.

ಆದರೆ ಪೂರ್ಣಾವಧಿ ಷೆರಿ ಪೀಪಾಯಿಯಲ್ಲಿ ಮಾಗಿದ್ದಕ್ಕೂ, ‘ಷೆರಿ ಫಿನಿಷ್’ ಎಂಬುದಕ್ಕೂ ಅಜಗಜಾಂತರವಿದೆ. ಎರಡನೆಯದರಲ್ಲಿ ಮದ್ಯ ತನ್ನ ಬಹುಕಾಲವನ್ನು ಬೂರ್ಬನ್ ಪೀಪಾಯಿಯಲ್ಲಿ ಕಳೆದು ಕೊನೆಯ ಕೆಲವು ತಿಂಗಳು ಷೆರಿ ಪೀಪಾಯಿಗೆ ಬಂದಿರುತ್ತದೆ. ಎಷ್ಟು ತಿಂಗಳು ಎಂಬುದಕ್ಕೆ ಕಾನೂನಿನಲ್ಲಿ ಕನಿಷ್ಠ ಮಿತಿಯಿಲ್ಲ. ಇದರಲ್ಲಿಯೂ ಉತ್ತಮವಾದವುಗಳಿವೆ. ಬಾಲ್ವೆನಿಯ ‘ಡಬಲ್‌ವುಡ್’ 12 ವರ್ಷದ ಮದ್ಯ 1993ರಿಂದಲೂ ಇದೇ ವಿಧಾನದಿಂದ ಹೆಸರು ಮಾಡಿದೆ. ಗ್ಲೆನ್‌ಫಿಡಿಕ್‌ನ 15 ವರ್ಷದ ‘ಸೊಲೆರಾ’ ಇನ್ನೊಂದು ಗೊಂದಲ. ಅಲ್ಲಿ ಸೊಲೆರಾ ಎಂದರೆ ಅರ್ಧಕ್ಕಿಂತ ಕೆಳಗೆ ಎಂದೂ ಖಾಲಿ ಮಾಡದ ದೊಡ್ಡ ಮರದ ತೊಟ್ಟಿಯೇ ಹೊರತು, ಹೆರೆಥ್‌ನ ಪೀಪಾಯಿ ಸಾಲುಗಳಲ್ಲ. ಪೀಪಾಯಿಯನ್ನು ಎಷ್ಟನೇ ಬಾರಿಗೆ ಬಳಸಲಾಗಿದೆ ಎಂಬುದೂ ಮುಖ್ಯ. ಮೊದಲ ಬಾರಿ ವಿಸ್ಕಿ ಕಂಡ ಪೀಪಾಯಿ ರುಚಿಯನ್ನು ಮೊಗೆದು ಕೊಟ್ಟರೆ, ಮೂರನೇ ಬಾರಿಯದು ಹಿಂಡಿದ ಕಬ್ಬಿನ ಸಿಪ್ಪೆಯಂತೆ. ಎರಡಕ್ಕೂ ಚೀಟಿಯಲ್ಲಿ ಬೀಳುವುದು ಒಂದೇ ಹೆಸರು.

ಬಣ್ಣವನ್ನು ನಂಬುವುದಂತೂ ಸಲ್ಲದು. ಸ್ಕಾಚ್‌ಗೆ ನೀರಲ್ಲದೆ ಬೆರೆಸಲು ಅನುಮತಿಯಿರುವ ಒಂದೇ ವಸ್ತು ಸಾದಾ ಕ್ಯಾರಮೆಲ್ ಬಣ್ಣ. ಅದರ ಸಂಕೇತ ಇ150ಎ. ಷೆರಿ ಪೀಪಾಯಿಯ ಕಡುಗೆಂಪನ್ನು ಅನುಕರಿಸಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಜರ್ಮನಿಯಲ್ಲಿ ಮಾರುವ ಬಾಟಲಿಗಳಲ್ಲಿ ಇದನ್ನು ನಮೂದಿಸಲೇಬೇಕು. ಇತರೆಡೆ ‘ಸಹಜ ಬಣ್ಣ’ ಎಂದು ತಯಾರಕರೇ ಹೇಳಿಕೊಂಡಿದ್ದಾರೆಯೇ ಎಂಬುದನ್ನು ನೋಡಬೇಕು. ಮಕ್ಯಾಲನ್, ಗ್ಲೆನ್‌ಫಾರ್ಕ್ಲಾಸ್‌ಗಳು ಬಣ್ಣ ಬೆರೆಸುವುದಿಲ್ಲ. ಮದ್ಯಸಾರ ಶೇ 46 ಅಥವಾ ಅದಕ್ಕಿಂತ ಹೆಚ್ಚಿದ್ದು, ಶೀತಲ ಸೋಸುವಿಕೆಗೆ ಒಳಪಡಿಸಿಲ್ಲ ಎಂದಿದ್ದರೆ ಅದೂ ಒಂದು ಶುಭ ಸೂಚನೆ. ತಣ್ಣಗಾದಾಗ ಮಸುಕಾಗದಿರಲೆಂದು ಸೋಸುವಾಗ ಬಾಯಿಗೆ ತುಂಬುತನ ಕೊಡುವ ಎಣ್ಣೆಯಂಶವೂ ಒಂದಿಷ್ಟು ಹೋಗುತ್ತದೆ.

ಬೆಲೆಯ ವಿಚಾರ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದಲ್ಲಿ ಸ್ಕಾಚ್ ಮೇಲಿನ ಶೇ 150 ಆಮದು ಸುಂಕವನ್ನು ಮೊದಲು ಶೇ 75ಕ್ಕೆ, ಹತ್ತು ವರ್ಷಗಳಲ್ಲಿ ಶೇ 40ಕ್ಕೆ ಇಳಿಸುವ ಅಂಶವಿದೆ. ಆದರೆ ರಾಜ್ಯಗಳ ಅಬಕಾರಿ ತೆರಿಗೆ ಇದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಸುಂಕ ಇಳಿದಷ್ಟೇ ಬಾಟಲಿಯ ಬೆಲೆಯೂ ಇಳಿದೀತೆಂದು ಎಣಿಸುವಂತಿಲ್ಲ.

ಲೋಟದ ಮುಂದೆ

ಇಷ್ಟೆಲ್ಲ ಆದ ಮೇಲೆ ಸವಿಯುವ ಪ್ರಶ್ನೆ. ಅಗಲ ಬಾಯಿಯ, ನೇರ ಗೋಡೆಯ ಲೋಟದಲ್ಲಿ ಪರಿಮಳವೆಲ್ಲ ಚದುರಿಹೋಗುತ್ತದೆ. ಬುಡದಲ್ಲಿ ಉಬ್ಬಿ, ಬಾಯಿಯ ಬಳಿ ಕಿರಿದಾಗುವ ಟುಲಿಪ್ ಆಕಾರದ ಗಾಜಿನ ಲೋಟವೇ ಸೂಕ್ತ. ಅದರಲ್ಲಿ 25-30 ಮಿಲಿಲೀಟರ್ ಸಾಕು. ಸುರಿದೊಡನೆ ಬಾಯಿಗಿಡುವ ಆತುರ ಬೇಡ. ಷೆರಿ ಪೀಪಾಯಿಯ ಮದ್ಯಕ್ಕೆ ಗಾಳಿ ಹಿತ. ಹತ್ತು ಹದಿನೈದು ನಿಮಿಷ ಬಿಟ್ಟರೆ ಮೊದಲ ಖಾರ ಅಡಗಿ ಹಣ್ಣಿನ ಮುಖ ಕಾಣಿಸತೊಡಗುತ್ತದೆ. ಕೋಣೆಯ ಉಷ್ಣತೆಯಲ್ಲಿ ಕುಡಿಯಬೇಕೆಂಬ ಮಾತು ಹುಟ್ಟಿದ್ದು ಸ್ಕಾಟ್ಲೆಂಡಿನ ಕೋಣೆಗಳಲ್ಲಿ ಎಂಬುದನ್ನು ಮರೆಯಬಾರದು. ಮಂಗಳೂರಿನ ಏಪ್ರಿಲ್‌ನಲ್ಲಿ ಅದೇ ನಿಯಮ ಪಾಲಿಸಿದರೆ ಮೂಗಿಗೆ ಬಡಿಯುವುದು ಮದ್ಯಸಾರದ ಘಾಟು ಮಾತ್ರ. ಬಾಟಲಿಯನ್ನು ಸ್ವಲ್ಪ ಹೊತ್ತು ತಂಪಾದ ಜಾಗದಲ್ಲಿಡುವುದು ತಪ್ಪಲ್ಲ. ಮಂಜುಗಡ್ಡೆ ಹಾಕುವುದು ಬೇರೆ. ಅತಿಯಾದ ಶೀತ ಪರಿಮಳವನ್ನು ಕಟ್ಟಿಹಾಕಿ, ಒಗರನ್ನು ಮಾತ್ರ ಎತ್ತಿ ತೋರಿಸುತ್ತದೆ.

ಆಘ್ರಾಣಿಸುವಾಗ ಲೋಟದೊಳಕ್ಕೆ ಮೂಗು ತೂರಿಸದೆ, ಅಂಚಿನಿಂದ ತುಸು ದೂರದಲ್ಲಿ ಹಿಡಿದು, ಬಾಯಿಯನ್ನು ಕೊಂಚ ತೆರೆದು ಮೆಲ್ಲಗೆ ಉಸಿರೆಳೆದುಕೊಳ್ಳಬೇಕು. ಬಾಯಿ ಮುಚ್ಚಿದ್ದರೆ ಮದ್ಯಸಾರ ಮೂಗನ್ನು ಸುಡುತ್ತದೆ. ಆಂಗ್ಲ ವಿಮರ್ಶಕರು ಈ ಘಟ್ಟದಲ್ಲಿ ತಪ್ಪದೆ ಕ್ರಿಸ್‌ಮಸ್ ಕೇಕನ್ನು ನೆನೆಯುತ್ತಾರೆ. ಆ ಕೇಕನ್ನು ಉಂಡು ಬೆಳೆಯದವರು ಅದನ್ನೇ ಹುಡುಕುತ್ತಾ ಕೂರುವ ಅಗತ್ಯವಿಲ್ಲ. ಒಣದ್ರಾಕ್ಷಿ, ಖರ್ಜೂರ, ಅಂಜೂರ, ಕಿತ್ತಳೆಯ ಸಿಪ್ಪೆ, ಜೋನಿಬೆಲ್ಲ, ಲವಂಗ, ಹಳೆಯ ಮರದ ಪೆಟ್ಟಿಗೆ. ಕನ್ನಡದ ಅಡುಗೆಮನೆ, ಉಗ್ರಾಣಗಳಲ್ಲಿ ಬೆಳೆದ ಮೂಗಿಗೆ ಈ ಮದ್ಯದಲ್ಲಿ ಪರಿಚಿತರೇ ಹೆಚ್ಚು. ಒಲೊರೊಸೊ ಪೀಪಾಯಿಯದಾದರೆ ಅಕ್ರೋಟು, ಕಹಿ ಚಾಕೊಲೇಟು, ಮಸಾಲೆ ಮುಂದಿರುತ್ತವೆ. ಪೆದ್ರೊ ಹಿಮೆನೆಥ್‌ನದಾದರೆ ಕಾಕಂಬಿ, ಖರ್ಜೂರದ ಪಾಕ.

ಮೊದಲ ಗುಟುಕು ತೀರ ಚಿಕ್ಕದಿರಲಿ. ಅದು ನಾಲಿಗೆಯನ್ನು ಎಚ್ಚರಿಸಲು ಮಾತ್ರ, ಅದರಿಂದ ತೀರ್ಪು ಕೊಡಬಾರದು. ಎರಡನೆಯದನ್ನು ಕೆಲವು ಸೆಕೆಂಡು ಬಾಯೊಳಗೆ ಆಡಿಸಿ ನುಂಗಬೇಕು. ಆರಂಭದ ಸಿಹಿ, ನಡುವಿನ ಮಸಾಲೆ, ಕೊನೆಗೆ ಗಲ್ಲದ ಒಳಮೈಯನ್ನು ಹಿಡಿಯುವ ಒಗರು ಎಂಬ ಕ್ರಮ ಆಗ ಗೊತ್ತಾಗುತ್ತದೆ. ಈ ಒಗರೇ ಷೆರಿ ಪೀಪಾಯಿಯ ವಿಸ್ಕಿಯ ಅಳತೆಗೋಲು. ಸಿಹಿ ಕರಗಿದ ಮೇಲೂ ಹಿತವಾಗಿ, ಹದವಾಗಿ ಕುದಿಸಿದ ಚಹಾದಂತೆ ನಿಂತರೆ ಪೀಪಾಯಿ ಒಳ್ಳೆಯದು. ಮರದ ಚಕ್ಕೆ ಜಗಿದಂತೆ ಬಾಯಿ ಒಣಗಿಸಿದರೆ, ಮದ್ಯ ಎಷ್ಟೇ ಹಳೆಯದಾಗಿರಲಿ, ಮರ ಅದನ್ನು ನುಂಗಿದೆ ಎಂದರ್ಥ. ಸಿಹಿಯಷ್ಟೇ ಇದ್ದು ಒಗರೇ ಇಲ್ಲದಿದ್ದರೆ, ಅವಸರದ ಫಿನಿಷ್ ಇರಬಹುದೆಂಬ ಅನುಮಾನಕ್ಕೆ ಎಡೆಯಿದೆ.

ನೀರು ಬೆರೆಸುವುದನ್ನು ಕೆಲವರು ಅಪಚಾರವೆಂದು ಭಾವಿಸುತ್ತಾರೆ. ವಿಜ್ಞಾನ ಅವರ ಪಕ್ಷದಲ್ಲಿಲ್ಲ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್ಸನ್ ಮತ್ತು ರಾನ್ ಫ್ರೀಡ್‌ಮನ್ ಎಂಬ ವಿಜ್ಞಾನಿಗಳು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿಸ್ಕಿಯ ಪರಿಮಳಕ್ಕೆ ಕಾರಣವಾದ ಗ್ವಾಯಕಾಲ್ ಎಂಬ ಅಣುವಿನ ನಡವಳಿಕೆಯನ್ನು ಗಣಕಯಂತ್ರದ ಮೂಲಕ ಪರಿಶೀಲಿಸಿದ್ದರು. ಮದ್ಯಸಾರ ಶೇ 59ಕ್ಕಿಂತ ಹೆಚ್ಚಿದ್ದಾಗ ಈ ಅಣುಗಳು ಅದರೊಳಗೆ ಹುದುಗಿರುತ್ತವೆ. ಶೇ 45ರ ಆಸುಪಾಸಿಗೆ ಇಳಿದಾಗ ಮೇಲ್ಮೈಗೆ ಬಂದು ಮೂಗಿಗೆ ದಕ್ಕುತ್ತವೆ. ಹೀಗಾಗಿ ಗ್ಲೆನ್‌ಫಾರ್ಕ್ಲಾಸ್‌ನ ಶೇ 60ರ ‘105’ನಂತಹ ಮದ್ಯಕ್ಕೆ ಒಂದು ಚಮಚ ನೀರು ಸೇರಿಸುವುದು ದೌರ್ಬಲ್ಯದ ಲಕ್ಷಣವೇನಲ್ಲ. ಶೇ 40ರ ಮದ್ಯಕ್ಕೆ ಕೆಲವು ಹನಿಗಳೇ ಹೆಚ್ಚು. ಕಾರ್ಖಾನೆಯಲ್ಲಿಯೇ ಅದಕ್ಕೆ ಸಾಕಷ್ಟು ನೀರು ಬಿದ್ದಿರುತ್ತದೆ. ಸೋಡಾ, ಕೋಲಾಗಳ ಪ್ರಸ್ತಾಪ ಇಲ್ಲಿ ಬೇಡ. ಹೆಚ್ಚು ಹಣ ಕೊಟ್ಟು ಕೊಂಡ ಪೀಪಾಯಿಯ ರುಚಿಯನ್ನು ಮುಚ್ಚಲು ಮತ್ತೆ ಹಣ ಕೊಟ್ಟಂತೆ.

ಕೆಲವೊಮ್ಮೆ ಲೋಟದಿಂದ ಆಗತಾನೇ ಗೀರಿದ ಬೆಂಕಿಕಡ್ಡಿಯ, ಸುಟ್ಟ ರಬ್ಬರಿನ, ಇನ್ನೂ ಕೆಟ್ಟದಾದರೆ ಬೇಯಿಸಿದ ಎಲೆಕೋಸಿನ ವಾಸನೆ ಬರುವುದುಂಟು. ಇದು ಗಂಧಕದ ದೋಷ. ಖಾಲಿ ಪೀಪಾಯಿ ಸಾಗಣೆಯಲ್ಲಿ ಕೆಡದಿರಲೆಂದು ಒಳಗೆ ಗಂಧಕದ ಬತ್ತಿ ಉರಿಸುವ ಹಳೆಯ ರೂಢಿಯೇ ಇದಕ್ಕೆ ಮುಖ್ಯ ಕಾರಣವೆಂದು ಹೇಳಲಾಗುತ್ತದೆ. ಭಟ್ಟಿಯಿಂದಲೂ ಒಂದಿಷ್ಟು ಗಂಧಕ ಬರಬಹುದು. ಜಿಮ್ ಮರ‍್ರೆ ಇದರ ವಿರುದ್ಧ ವರ್ಷಗಟ್ಟಲೆ ಕಟುವಾಗಿ ಬರೆದಿದ್ದಾರೆ. ವಿಚಿತ್ರವೆಂದರೆ ಇದು ಎಲ್ಲರ ಮೂಗಿಗೂ ಸಿಗುವುದಿಲ್ಲ. ಒಂದೇ ಬಾಟಲಿಯನ್ನು ಒಬ್ಬರು ಅಮೃತವೆಂದರೆ, ಪಕ್ಕದವರು ಮುಖ ಹಿಂಡುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹೆಚ್ಚು ಬೆಲೆಯ ಬಾಟಲಿಯನ್ನು ಕೊಳ್ಳುವ ಮುನ್ನ ಬಾರಿನಲ್ಲಿ ಒಂದು ಅಳತೆ ಕುಡಿದು ನೋಡಬೇಕೆಂಬ ಸಲಹೆಗೆ ಇದಕ್ಕಿಂತ ಬಲವಾದ ಕಾರಣ ಬೇಡ.

ಜೊತೆಗೆ ತಿನ್ನಲು ಕಹಿ ಚಾಕೊಲೇಟು, ಅಕ್ರೋಟು, ಒಣ ಅಂಜೂರ ಹೊಂದುತ್ತವೆ. ಖಾರದ ಚಕ್ಕುಲಿ, ಮಸಾಲೆ ಕಡಲೆಬೀಜಗಳು ನಾಲಿಗೆಯನ್ನು ಆಕ್ರಮಿಸಿಕೊಂಡು ಷೆರಿಯ ನಯವನ್ನು ಅಳಿಸಿಹಾಕುತ್ತವೆ. ಅವು ಬೇರೆ ದಿನಕ್ಕಿರಲಿ. ಮದ್ಯಪಾನದಲ್ಲಿ ಸುರಕ್ಷಿತ ಪ್ರಮಾಣವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಈ ಬಗೆಯ ಮದ್ಯಕ್ಕೆ ಒಂದು ಅಳತೆ, ಒಂದು ಗಂಟೆ ಎಂಬ ಲೆಕ್ಕವೇ ರುಚಿಯ ದೃಷ್ಟಿಯಿಂದಲೂ ಸರಿ. ಎರಡನೆಯ ಲೋಟದ ಹೊತ್ತಿಗೆ ಮೂಗು ದಣಿದಿರುತ್ತದೆ.

ತೆರೆದ ಬಾಟಲಿಯನ್ನು ನಿಲ್ಲಿಸಿಯೇ ಇಡಬೇಕು. ದ್ರಾಕ್ಷಾರಸದಂತೆ ಮಲಗಿಸಿದರೆ ತೀಕ್ಷ್ಣವಾದ ಮದ್ಯಸಾರ ಬಿರಡೆಯನ್ನು ತಿಂದುಹಾಕುತ್ತದೆ. ಬಿಸಿಲು ತಾಗದ ಕಪಾಟಿನಲ್ಲಿ ಅದು ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ಬಾಟಲಿ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಒಳಗಿನ ಗಾಳಿ ಹೆಚ್ಚಿ ಪರಿಮಳ ನಿಧಾನವಾಗಿ ಸೊರಗುತ್ತದೆ. ಆಗ ಉಳಿದದ್ದನ್ನು ಚಿಕ್ಕ ಬಾಟಲಿಗೆ ವರ್ಗಾಯಿಸುವುದು ಅನುಭವಿಗಳ ಪದ್ಧತಿ. ಗಂಧಕದ ಸಣ್ಣ ಸುಳಿವಿದ್ದ ಬಾಟಲಿ ಮಾತ್ರ ಇದಕ್ಕೆ ವ್ಯತಿರಿಕ್ತ: ತೆರೆದು ಕೆಲವು ವಾರ ಬಿಟ್ಟ ಮೇಲೆ ಆ ವಾಸನೆ ಎಷ್ಟೋ ಬಾರಿ ತಾನಾಗಿಯೇ ಕಡಿಮೆಯಾಗುತ್ತದೆ.